ಬಿಜ್ಜರಗಿಯ ಪಡಸಾಲೆಗೆ ಮಾರಿದ ರೇಡಿಯೋ

ನನ್ನ ಅಣ್ಣನ ಮಗ ಈರಣ್ಣ ಬಬಲೇಶ್ವರದಲ್ಲಿ ಟಿವಿ ಅಂಗಡಿ ಇಟ್ಟು ಎರಡು ವರ್ಷವಾಯಿತು. ಒಂದು ಗೋಡೆ ತುಂಬ ಟಿವಿಗಳು, ಎಲ್ಲದರಲ್ಲೂ ಅದೇ ಬಣ್ಣದ ಮೀನುಗಳು ಈಜುತ್ತಿರುತ್ತವೆ. ಹೊಸ ಮನೆ ಕಟ್ಟಿಸಿದವರು ಬರುತ್ತಾರೆ. ಹಾಲ್ ಇಷ್ಟು ದೊಡ್ಡದು, ಕೈಯಲ್ಲಿ ಇಷ್ಟೇ ದುಡ್ಡು, ಇದರಲ್ಲಿ ಎಲ್ಲಕ್ಕಿಂತ ದೊಡ್ಡದು ಕೊಡು ಅನ್ನುತ್ತಾರೆ. ಇವನು ಕೊಡುತ್ತಾನೆ. ತಿಂಗಳು ಕಳೆಯುವುದರೊಳಗೆ ಅವರಲ್ಲಿ ಒಬ್ಬಿಬ್ಬರು ಮುಖ ಗಂಟಿಕ್ಕಿಕೊಂಡು ತಿರುಗಿ ಬರುತ್ತಾರೆ. "ದೊಡ್ಡದು ಕೇಳಿದ್ರು, ದೊಡ್ಡದ ಕೊಟ್ಟೇನಿ. ಇದರಾಗ ನನ್ನ ತಪ್ಪ ಏನೈತಿ ಕಾಕಾ?" ಎಂದು ಮೊನ್ನೆ ನನ್ನನ್ನು ಕೇಳಿದ. ಅಂಗಡಿಗೆ ಹೊಸದಾಗಿ ಸೇರಿದ ಇಬ್ಬರು ಹೆಣ್ಣುಮಕ್ಕಳೂ ಕೆಲಸ ಬಿಟ್ಟು ಕಿವಿಗೊಟ್ಟು ನಿಂತಿದ್ದರು. ಬಾಯಲ್ಲಿ ಹೇಳಲು ಹೊರಟರೆ ನಾನು ಎಲ್ಲೆಲ್ಲಿಗೋ ಹೋಗಿಬಿಡುತ್ತೇನೆ, ಬರೆದೇ ಕೊಡುತ್ತೇನೆ ಅಂದೆ. ಇದು ಆ ಮೂವರಿಗಾಗಿ ಬರೆದದ್ದು.

ಎಪ್ಪತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ವಿಜಾಪುರದ ಜೋರಾಪುರ ಪೇಟೆಯ ಒಂದು ರೇಡಿಯೋ ಅಂಗಡಿಗೆ ಕೆಲಸಕ್ಕೆ ಸೇರಿದೆ. ಮುಂದೆ ಅದೇ ಅಂಗಡಿಯಲ್ಲಿ ಏನೇನಾದೆ ಎಂಬುದನ್ನು ಬಿಟ್ಟುಬಿಡೋಣ. ಆ ಕಥೆಯನ್ನು ಈಗ ನನ್ನ ಹೆಂಡತಿ ಕೂಡ ಪೂರ್ತಿ ಕೇಳುವುದಿಲ್ಲ. ಆಗ ನನ್ನ ಕೆಲಸ ಎರಡು. ಗಿರಾಕಿ ಬಂದರೆ ಮಾರುವುದು, ಮಾರಿದ ಮೇಲೆ ಅವರ ಮನೆಗೆ ಹೋಗಿ ಕೂಡಿಸಿ ಬರುವುದು. ಬೆಸುಗೆ ಹಾಕುವುದನ್ನೂ ಕಲಿತಿದ್ದೆ, ಆದ್ದರಿಂದ ಕೆಟ್ಟರೆ ಬೈಸಿಕೊಳ್ಳುವವನೂ ನಾನೇ.

ಬೈಯುವವರು ನಮ್ಮ ಮಾಲಕರು. ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆದು, ಊದುಬತ್ತಿ ಬೆಳಗಿ, ಗಾದಿಯ ಮೇಲೆ ಕೂತರೆಂದರೆ ಮೊದಲ ಬೈಗುಳ ನನಗೇ ಮೀಸಲು. ವ್ಯಾಪಾರದ ಬಗ್ಗೆ ಅವರು ನನಗೆ ಕಲಿಸಿದ್ದು ಎರಡೇ ಮಾತು. ಗಿರಾಕಿಯ ಕಣ್ಣು ಯಾವುದರ ಮೇಲೆ ನಿಲ್ಲುತ್ತದೋ ಅದನ್ನು ಮಾರು. ಮಾರಿದ್ದು ತಿರುಗಿ ಬರಕೂಡದು. ಎರಡನೆಯದನ್ನು ಹಲಗೆಯ ಮೇಲೆ ಬರೆಸಿ ತೂಗುಹಾಕಿದ್ದರು.

ಈಗಿನವರಿಗೆ ಆ ರೇಡಿಯೋಗಳ ಅಂದಾಜು ಸಿಗುವುದು ಕಷ್ಟ. ಕಟ್ಟಿಗೆಯ ದೊಡ್ಡ ಪೆಟ್ಟಿಗೆ, ಒಳಗೆ ಗಾಜಿನ ವಾಲ್ವುಗಳು. ಗುಂಡಿ ತಿರುವಿದರೆ ವಾಲ್ವು ಕಾಯ್ದು ದನಿ ಬರುವುದರೊಳಗೆ ಒಂದು ಎಲೆ ಮಡಚಿ ಬಾಯಿಗೆ ಹಾಕಿಕೊಳ್ಳಬಹುದಿತ್ತು. ಮಾಳಿಗೆಯ ಮೇಲೆ ಎರಡು ಬಿದಿರು ನೆಟ್ಟು ನಡುವೆ ತಂತಿ ಎಳೆಯಬೇಕು. ಇನ್ನೊಂದು ತಂತಿಯನ್ನು ಹಿತ್ತಲಲ್ಲಿ ಗುಂಡಿ ತೋಡಿ ನೆಲಕ್ಕೆ ಇಳಿಸಬೇಕು. ಜೊತೆಗೆ ಅಂಚೆ ಕಚೇರಿಯ ಲೈಸೆನ್ಸು ಬೇರೆ. ಇದೆಲ್ಲ ಸರಿಯಾದರೆ ಧಾರವಾಡದ ಸ್ಟೇಷನ್ನು ಸ್ವಚ್ಛವಾಗಿ ಕೇಳುತ್ತಿತ್ತು.

ಮೊದಲ ವರ್ಷ ನಾನು ಮಾಡಿದ ತಪ್ಪುಗಳು ಒಂದು ಚೀಲದಷ್ಟಿವೆ. ಘೋಣಸಗಿಯ ರೈತರೊಬ್ಬರಿಗೆ ಕರೆಂಟಿನ ರೇಡಿಯೋ ಮಾರಿದೆ. ಊರಿಗೆ ಕರೆಂಟ್ ಬಂದಿದೆಯೇ ಎಂದು ಕೇಳಿದ್ದೆ, ಕಂಬ ಬಂದಿವೆ ಎಂದಿದ್ದರು. ನಾನು ಅಷ್ಟಕ್ಕೇ ಸಮಾಧಾನಪಟ್ಟೆ. ಹೋಗಿ ನೋಡಿದರೆ ಕಂಬಗಳು ನಿಂತಿದ್ದವು, ತಂತಿಯ ಸುದ್ದಿಯೇ ಇರಲಿಲ್ಲ. ಆ ಮನುಷ್ಯ ನನಗೆ ಒಂದು ಮಾತೂ ಅನ್ನಲಿಲ್ಲ. ಬರೋಬ್ಬರಿ ಒಂದು ವರ್ಷ ರೇಡಿಯೋಕ್ಕೆ ಶಾಲು ಹೊದಿಸಿ, ಅಮಾವಾಸ್ಯೆಗೊಮ್ಮೆ ಕುಂಕುಮ ಹಚ್ಚಿ ಇಟ್ಟಿದ್ದರು. ಕರೆಂಟ್ ಬಂದ ದಿನ ಅಂಗಡಿಗೆ ಬಂದು, ಚಲೋ ಹಾಡುತ್ತದೆ ಎಂದು ಹೇಳಿ, ಚಹಾ ಕುಡಿದು ಹೋದರು. ಅಂಥ ಗಿರಾಕಿಗಳು ಈರಣ್ಣನಿಗೆ ಸಿಗಲಿ ಎಂದು ಹಾರೈಸುತ್ತೇನೆ.

ತಿಕೋಟಾದ ಒಂದು ಮನೆಯಲ್ಲಿ ನೆಲಕ್ಕಿಳಿಸಿದ ತಂತಿಯ ಗುಂಡಿ ಒಣಗಬಾರದು, ದಿನಾ ಒಂದು ಕೊಡ ನೀರು ಹಾಕಿರಿ ಎಂದು ಹೇಳಿ ಬಂದೆ. ಕುಡಿಯಲು ನೀರು ಹೊತ್ತು ತರುವವರ ಮುಂದೆ ಹಾಗೆ ಹೇಳಲು ನನಗೆ ನಾಚಿಕೆಯೂ ಆಗಲಿಲ್ಲ. ಆ ಮನೆಯ ಅಜ್ಜಿ ಬುದ್ಧಿವಂತೆ. ಹಾಕಿದ ನೀರು ದಂಡವಾಗಬಾರದೆಂದು ಅಲ್ಲಿಯೇ ಹೀರೇಬೀಜ ಊರಿದಳು. ಮೂರು ತಿಂಗಳ ಮೇಲೆ ಹೋದಾಗ ಬಳ್ಳಿ ಗೋಡೆ ಹತ್ತಿ, ನಮ್ಮ ಬಿದಿರನ್ನೇರಿ ತಂತಿಯುದ್ದಕ್ಕೂ ಹಬ್ಬಿ ಕಾಯಿ ಬಿಟ್ಟಿತ್ತು. ದನಿ ಮಾತ್ರ ಕೆಟ್ಟಿರಲಿಲ್ಲ. ನನಗೆ ನಾಲ್ಕು ಹೀರೇಕಾಯಿ ಕಟ್ಟಿಕೊಟ್ಟಳು.

ಇವೆಲ್ಲ ನಕ್ಕು ಮರೆಯುವ ತಪ್ಪುಗಳು. ಬಿಜ್ಜರಗಿಯದು ಹಾಗಲ್ಲ.

ಬಿಜ್ಜರಗಿಯ ಚಂದಪ್ಪ ಒಂದು ಸೋಮವಾರ ಅಂಗಡಿಗೆ ಬಂದ. ನನಗಿಂತ ನಾಲ್ಕೈದು ವರ್ಷ ದೊಡ್ಡವನಿದ್ದಾನು. ಹಳೆಯ ಮನೆಯ ಮುಂಭಾಗ ಕೆಡವಿ ಹೊಸ ಪಡಸಾಲೆ ಕಟ್ಟಿಸಿದ್ದರಂತೆ. ಅಂಗಿಯ ಜೇಬಿನಿಂದ ಒಂದು ದಾರ ತೆಗೆದ. ಅದಕ್ಕೆ ಎರಡು ಗಂಟು ಹಾಕಿತ್ತು, ಒಂದು ಅಗಲದ್ದು, ಒಂದು ಎತ್ತರದ್ದು. ಗೌಂಡಿ ಪಡಸಾಲೆಯ ಕಲ್ಲಿನ ಗೋಡೆಯಲ್ಲಿ ರೇಡಿಯೋಕ್ಕೆಂದೇ ಮೊದಲೇ ಒಂದು ಗೂಡು ಬಿಟ್ಟು ಕಟ್ಟಿಬಿಟ್ಟಿದ್ದ. ರೇಡಿಯೋ ಇನ್ನೂ ಯಾರೂ ಕೊಂಡಿರಲಿಲ್ಲ. ಆ ಗೂಡು ತುಂಬುವಂಥದ್ದು ಬೇಕು, ನಾಲ್ಕುನೂರು ರೂಪಾಯಿಯ ಮೇಲೆ ತನ್ನ ಕೈಲಿ ಆಗುವುದಿಲ್ಲ, ಅದರಲ್ಲೂ ಅರ್ಧ ತನ್ನ ತಾಯಿ ಬೆಣ್ಣೆ ಕಾಸಿ ತುಪ್ಪ ಮಾರಿ ಕೂಡಿಸಿದ್ದು ಎಂದು ಹೇಳಿದ.

ನಾಲ್ಕುನೂರಕ್ಕೆ ಎರಡು ದಾರಿಗಳಿದ್ದವು. ಒಂದು ಚಿಕ್ಕ ಪೆಟ್ಟಿಗೆಯದು, ದನಿ ಗಂಟೆಯಂಥದ್ದು. ಇನ್ನೊಂದು ಹಿಂದಿನ ವರ್ಷದ ಮಾಲು. ತೊಟ್ಟಿಲಿನಷ್ಟು ದೊಡ್ಡ ಪೆಟ್ಟಿಗೆ, ಮುಖಕ್ಕೆ ಜರಿಯ ಬಟ್ಟೆ, ನಡುವೆ ಹಸಿರು ಬೆಳಕಿನ ಕಣ್ಣು. ಸ್ಟೇಷನ್ನು ಸಿಕ್ಕಾಗ ಆ ಕಣ್ಣು ಅರಳಿ ನಡುಗುತ್ತಿತ್ತು. ಜೋರು ಮಾಡಿದರೆ ಮಾತ್ರ ಗಂಟಲು ಕಟ್ಟಿದಂತೆ ಹಾಡುತ್ತಿತ್ತು. ಚಂದಪ್ಪನ ಕಣ್ಣು ಹಸಿರು ಕಣ್ಣಿನ ಮೇಲೆ ನಿಂತಿತು. ದಾರ ಹಿಡಿದು ನೋಡಿದ, ಗಂಟಿಗೆ ಗಂಟು ಕೂಡಿತು. ಆಗ ಅವನು ಒಂದು ಮಾತು ಅಂದಿದ್ದ.

"ಒಳಗ ಕೇಳಬೇಕ್ರಿ ಮತ್ತ."

"ಒಳಗೇನು, ಊರಿಗೆಲ್ಲಾ ಕೇಳತೈತಿ ತಗೋರಿ" ಎಂದೆ. ಒಳಗೆ ಅಂದರೆ ಎಲ್ಲಿ, ಯಾರಿಗೆ ಎಂದು ಕೇಳಲಿಲ್ಲ. ಈರಣ್ಣ, ನಾನು ಮಾಡಿದ ತಪ್ಪು ಇಷ್ಟೇ.

ಬುಧವಾರ ಕೂಡಿಸಲು ಹೋದೆ. ಬಸ್ಸಿನಲ್ಲಿ ತಿಕೋಟಾದವರೆಗೆ, ಅಲ್ಲಿಂದ ಚಂದಪ್ಪನ ಎತ್ತಿನ ಗಾಡಿ. ಪಡಸಾಲೆ ನಿಜಕ್ಕೂ ಚೆಂದವಿತ್ತು. ಸುಣ್ಣದ ವಾಸನೆ ಇನ್ನೂ ಹೋಗಿರಲಿಲ್ಲ. ಗೂಡಿನ ಎದುರಿಗೆ ಕಂಬಳಿ ಹಾಸಿಕೊಂಡು ಮನೆಯ ಹಿರಿಯರು ಕೂತಿದ್ದರು. ಅವರು ಶಿವಲಿಂಗಪ್ಪನವರು, ಚಂದಪ್ಪನ ದೊಡ್ಡಪ್ಪ. ಚಂದಪ್ಪ ಎರಡು ವರ್ಷದ ಕೂಸಿದ್ದಾಗಲೇ ಅವನ ತಂದೆ ತೀರಿಹೋಗಿದ್ದ. ಸಾಕಿದವರು ಈ ದೊಡ್ಡಪ್ಪ. ಅವರ ಹೆಂಡತಿಯೂ ಹೋಗಿ ವರ್ಷಗಳಾಗಿದ್ದವು. ಹೊಲದಿಂದ ಬಂದರೆ ಪಡಸಾಲೆಯೇ ಅವರ ಮನೆ.

ರೇಡಿಯೋ ಗೂಡಿನಲ್ಲಿ ಕೂತಿತು. ಕಣ್ಣು ಅರಳಿತು. ದನಿ ಬಂದದ್ದೇ ತಡ, ಶಿವಲಿಂಗಪ್ಪನವರು ಕೈ ಎತ್ತಿ, ಕಿವಿಯಲ್ಲಿ ಡೊಳ್ಳು ಬಾರಿಸಿದ ಹಾಗಾಗುತ್ತದೆ, ಸಣ್ಣದು ಮಾಡು ಎಂದರು. ಸಣ್ಣದು ಮಾಡಿದೆ. ಇನ್ನೂ ಸಣ್ಣದು ಅಂದರು. ಕೊನೆಗೆ ಗೂಡಿನ ಹತ್ತಿರ ನಿಂತವರಿಗೆ ಮಾತ್ರ ಕೇಳುವಷ್ಟಾಯಿತು. ಅವರು ತೃಪ್ತಿಯಿಂದ ತಲೆಯಾಡಿಸಿದರು. ಚಂದಪ್ಪನ ಮುಖ ಮಾತ್ರ ಬಾಡಿತ್ತು.

ಅವನು ನನ್ನನ್ನು ಹಿತ್ತಲಿನಿಂದ ಸುತ್ತುಹಾಕಿಸಿ ಅಡಿಗೆಮನೆಗೆ ಕರೆದೊಯ್ದ. ಒಲೆಯ ಮುಂದೆ ಅವನ ತಾಯಿ ನೀಲವ್ವ ರೊಟ್ಟಿ ಬಡಿಯುತ್ತಿದ್ದರು. ಪಡಸಾಲೆಗೂ ಅಡಿಗೆಮನೆಗೂ ನಡುವೆ ಒಂದು ಮೊಳ ದಪ್ಪದ ಕಲ್ಲಿನ ಗೋಡೆ. ಬಾಗಿಲು ತೆರೆದೇ ಇದ್ದರೂ ರೇಡಿಯೋದ ದನಿ ಅಲ್ಲಿಗೆ ಬಂದಿರಲಿಲ್ಲ.

ನೀಲವ್ವ ನನಗೆ ರೊಟ್ಟಿ, ಪುಂಡಿಪಲ್ಲೆ ಬಡಿಸಿ ವಿಷಯ ಹೇಳಿದರು. ಹಿಂದಿನ ತಿಂಗಳು ಧಾರವಾಡದಿಂದ ರೇಡಿಯೋದವರು ಟೇಪಿನ ಮಷೀನು ತಂದು, ಊರ ಹೆಣ್ಣುಮಕ್ಕಳನ್ನು ಕೂಡಿಸಿ ಬೀಸುವ ಹಾಡು ಹಾಡಿಸಿಕೊಂಡು ಹೋಗಿದ್ದರು. ಮುಂದಿನ ಬುಧವಾರ ಮಧ್ಯಾಹ್ನ ಅದು ಬರುತ್ತದೆಂದು ಕಾಗದ ಬಂದಿತ್ತು. ಹೆಚ್ಚು ಹಾಡಿದ್ದು ನೀಲವ್ವನೇ. ಆ ಬುಧವಾರಕ್ಕಾಗಿಯೇ ಮನೆಗೆ ರೇಡಿಯೋ ಬಂದದ್ದು. ಪಡಸಾಲೆಯ ಶೋಭೆಗಲ್ಲ.

ಆದರೆ ನೀಲವ್ವ ಪಡಸಾಲೆಗೆ ಬರುವಂತಿರಲಿಲ್ಲ. ಗಂಡನ ಅಣ್ಣ ಕೂತಿರುವಾಗ ಅಲ್ಲಿ ಕೂಡಬಾರದು, ಅವರೊಂದಿಗೆ ಮಾತಾಡಬಾರದು, ಅವರಿಗೆ ಕೇಳುವಂತೆ ದನಿ ಎತ್ತರಿಸಬಾರದು. ಯಾರೋ ಹೊಡೆದು ಬಡಿದು ಮಾಡಿಸಿದ್ದಲ್ಲ. ಆ ಮನೆಯಲ್ಲಿ ಹಾಗೆಯೇ ನಡೆದು ಬಂದಿತ್ತು. ಏನಿದ್ದರೂ ಚಂದಪ್ಪನ ಮುಖಾಂತರ. "ದೊಡ್ಡಪ್ಪಗ ಊಟಕ್ಕ ಏಳ್ರಿ ಅನ್ನು" ಎಂದು ಇವರು ಬಾಗಿಲ ಮರೆಯಿಂದ ಅನ್ನಬೇಕು, ಅವನು ಅದನ್ನು ಅಲ್ಲಿ ಹೇಳಬೇಕು. ಮದುವೆಯಾಗಿ ಬಂದ ದಿನದಿಂದ ಬಾವನೊಂದಿಗೆ ಒಂದು ಶಬ್ದ ಆಡಿಲ್ಲ ಎಂದು ನೀಲವ್ವ ಸಹಜವಾಗಿ ಹೇಳಿದರು.

ರೇಡಿಯೋವನ್ನು ಒಳಗೇ ಒಯ್ದು ಇಡೋಣವೆಂದರೆ ಇಡೀ ಮನೆಗೆ ಕರೆಂಟಿನ ಪಾಯಿಂಟ್ ಒಂದೇ, ಅದೂ ಪಡಸಾಲೆಯಲ್ಲಿ. ಮಾಳಿಗೆಯ ತಂತಿಯೂ ಅಲ್ಲಿಗೇ ಇಳಿದಿತ್ತು. ಅವತ್ತೊಂದು ದಿನ ಜೋರು ಹಚ್ಚೋಣ, ದೊಡ್ಡಪ್ಪಗೆ ನಾನು ಹೇಳುತ್ತೇನೆ ಎಂದು ಚಂದಪ್ಪ ಅಂದ. ನೀಲವ್ವ ಒಪ್ಪಲಿಲ್ಲ.

"ಅವರಿಗಿ ಕೇಳಬಾರದು ತಮ್ಮಾ" ಎಂದು ನನ್ನ ಕಡೆ ತಿರುಗಿದರು. "ಹಾಡಿನ್ಯಾಗ ಅವರನ್ನೂ ಸೇರಿಸೇನಿ. ಬೀಸೂ ಮುಂದ ಮನಿ ಮಂದಿನೆಲ್ಲಾ ಸೇರಿಸಿ ಹಾಡತೇವಿ, ರೂಢಿ ಅದು. ಅವರು ಕೇಳತಾರ ಅಂತ ಯಾರಿಗಿ ಗೊತ್ತಿತ್ತು. ನಾ ಮಾತ್ರ ಒಮ್ಮೆ ಕೇಳಬೇಕು. ನನ್ನ ದನಿ ಹ್ಯಾಂಗ ಐತಿ ಅಂತ ನನಗ ಗೊತ್ತಿಲ್ಲ."

ಊರಿಗೆ ಹಿಟ್ಟಿನ ಗಿರಣಿ ಬಂದು ಅವರ ಬೀಸುಕಲ್ಲು ಮೂಲೆ ಸೇರಿ ವರ್ಷಗಳಾಗಿದ್ದವು. ಹಾಡಿನ ನೆಪವೂ ಅದರೊಂದಿಗೇ ಹೋಗಿತ್ತು. ತುಪ್ಪ ಮಾರಿ ದುಡ್ಡು ಕೂಡಿಸಿದ ಹೆಂಗಸಿಗೆ ನಾನು ಕಣ್ಣು ಮಾರಿದ್ದೆ. ಅವರು ಕೊಳ್ಳಲು ಕಳಿಸಿದ್ದು ಕಿವಿಗಾಗಿ.

ಮರುದಿನ ಮಾಲಕರಿಗೆ ಎಲ್ಲ ಹೇಳಿದೆ. ಅವರು ಕೇಳಿ, ಬೆರಳೆತ್ತಿ ಹಲಗೆ ತೋರಿಸಿದರು. ತಿರುಗಿ ತರುವ ಮಾತಲ್ಲ, ಅದರ ದನಿಯನ್ನೇ ತಂತಿಯಲ್ಲಿ ಅಡಿಗೆಮನೆಗೆ ಒಯ್ಯಬಹುದು, ಇನ್ನೊಂದು ಸ್ಪೀಕರ್ ಬೇಕು ಎಂದೆ. ಜೊತೆಗೆ ಒಂದು ಗುಂಡಿ ಕೂಡಿಸಿದರೆ, ಒಂದು ಕಡೆ ತಿರುವಿದಾಗ ಪಡಸಾಲೆಯಲ್ಲಿ ದನಿ, ಇನ್ನೊಂದು ಕಡೆ ತಿರುವಿದಾಗ ಒಳಗೆ ಮಾತ್ರ. ಸ್ಪೀಕರಿನ ದುಡ್ಡು ಯಾರಪ್ಪ ಕೊಡುತ್ತಾನೆ ಎಂದು ಶುರುಮಾಡಿದವರು, ಕಂಬಕ್ಕೂ ಕರೆಂಟಿಗೂ ವ್ಯತ್ಯಾಸ ತಿಳಿಯದವನನ್ನು ಕೆಲಸಕ್ಕಿಟ್ಟುಕೊಂಡ ತನ್ನ ಹಣೆಬರಹದವರೆಗೆ ಬೈದರು. ಬೈಯುತ್ತಲೇ ಸ್ಟೂಲು ಎಳೆದುಕೊಂಡು ಹತ್ತಿದರು. ಬೀದಿಯ ಜನರಿಗೆ ಕೇಳಲೆಂದು ಅಂಗಡಿಯ ಬಾಗಿಲ ಮೇಲೆ ತೂಗುಹಾಕಿದ್ದ ಸ್ಪೀಕರನ್ನು ಬಿಚ್ಚಿ ನನ್ನ ಕೈಗೆ ಕೊಟ್ಟು, ಬುಧವಾರ ಮೊದಲ ಬಸ್ಸಿಗೇ ಹೋಗು ಎಂದರು. ಅವರ ಬಗ್ಗೆ ನನಗೆ ಸಿಟ್ಟು ಬಂದಾಗಲೆಲ್ಲ ನಾನು ಆ ಸ್ಟೂಲನ್ನು ನೆನೆಸಿಕೊಂಡಿದ್ದೇನೆ.

ಬುಧವಾರ ನಾನು ಹೋದಾಗ ಹಾಡಿದ ಹೆಂಗಸರೆಲ್ಲ ಹಿತ್ತಲ ಬಾಗಿಲಿನಿಂದ ಬಂದು ಅಡಿಗೆಮನೆಯಲ್ಲಿ ಕೂತಾಗಿತ್ತು. ನೀಲವ್ವ ಎಣ್ಣೆ ಹಚ್ಚಿ ತಲೆ ಬಾಚಿಕೊಂಡು, ಒಗೆದ ಸೀರೆ ಉಟ್ಟಿದ್ದರು. ನನ್ನ ಬೆಸುಗೆಯ ಕಬ್ಬಿಣವನ್ನು ಅವರೇ ಒಲೆಯ ಕೆಂಡದಲ್ಲಿ ಕಾಯಿಸಿ ಕೊಟ್ಟರು. ನಾನು ಅದನ್ನು ಹಿಡಿದು ಪಡಸಾಲೆಗೆ ಓಡುವುದು, ಒಂದು ತಂತಿ ಕೂಡಿಸುವುದು, ಆರಿತೆಂದು ಮತ್ತೆ ಒಳಗೆ ಓಡುವುದು. ನಾಲ್ಕು ಸಲ ಓಡಾಡಿದೆ. ಶಿವಲಿಂಗಪ್ಪನವರು ಕಂಬಳಿಯ ಮೇಲೆ ಕೂತು ನೋಡುತ್ತಿದ್ದರು. ಏನು ಮಾಡುತ್ತಿ ಎಂದು ಕೇಳಲಿಲ್ಲ. ಆ ಹೊತ್ತಿಗೆ ಅವರು ಯಾವತ್ತೂ ಅದೇ ಕಂಬಳಿಯ ಮೇಲೆ ನಿದ್ದೆ ಮಾಡುತ್ತಾರೆಂದೂ, ಅವತ್ತು ಮಲಗಿಲ್ಲವೆಂದೂ ಚಂದಪ್ಪ ನನ್ನ ಕಿವಿಯಲ್ಲಿ ಹೇಳಿದ. ಊರಿಗೆಲ್ಲ ಗೊತ್ತಿದ್ದ ಸುದ್ದಿ ಅವರಿಗೆ ಗೊತ್ತಿರದೆ ಇರುತ್ತದೆಯೇ?

ಸ್ಪೀಕರನ್ನು ಒಳಗೆ ಬೀಸುಕಲ್ಲಿನ ಮೇಲೆ ಇಟ್ಟೆ. ಬೇರೆ ಸಪಾಟು ಜಾಗ ಇರಲಿಲ್ಲ. ಸಮಯವಾದಾಗ ಗುಂಡಿಯನ್ನು ಒಳಗಿನ ಕಡೆ ತಿರುವಿ ರೇಡಿಯೋ ಹಚ್ಚಿದೆ. ಪಡಸಾಲೆ ಮೌನವಾಗಿತ್ತು. ಹಸಿರು ಕಣ್ಣು ಮಾತ್ರ ಅರಳಿ ನಡುಗುತ್ತಿತ್ತು. ಒಳಗೆ ಹೆಂಗಸರ ಗುಜುಗುಜು ನಿಂತದ್ದರಿಂದ ಅಲ್ಲಿ ದನಿ ಬಂದಿದೆಯೆಂದು ತಿಳಿಯಿತು.

ಶಿವಲಿಂಗಪ್ಪನವರು ಸ್ವಲ್ಪ ಹೊತ್ತು ಆ ಬೆಳಕನ್ನೇ ನೋಡಿದರು.

"ಕಣ್ಣ ತೆರದೈತಿ. ಬಾಯಿ ಯಾಕ ಮುಚ್ಚೈತಿ ತಮ್ಮಾ?"

ನಾನು ಏನು ಹೇಳಲಿ? ಕೆಟ್ಟಿದೆ ಅಂದರೆ ಸುಳ್ಳು. ಇದ್ದದ್ದು ಹೇಳಿದರೆ ನೀಲವ್ವನ ಮಾತು ಮೀರಿದಂತೆ. ಗುಂಡಿ ನನ್ನ ಕೈಗೆ ಹತ್ತಿರವೇ ಇತ್ತು. ಅವರು ತಿರುವು ಅಂದಿದ್ದರೆ ತಿರುವದೆ ಇರುವ ಧೈರ್ಯ ನನಗಿತ್ತೋ ಇಲ್ಲವೋ, ಇವತ್ತಿಗೂ ಗೊತ್ತಿಲ್ಲ. ಒಳಗೆ ಕೇಳುತ್ತಿದೆ ಎಂದಷ್ಟೇ ಹೇಳಿ ತಲೆ ತಗ್ಗಿಸಿದೆ.

ಅವರು ತಿರುವು ಅನ್ನಲಿಲ್ಲ. ಮೊಣಕಾಲಿಗೆ ಕೈ ಊರಿ ಎದ್ದರು. ನಡೆದು ಅಡಿಗೆಮನೆಯ ಬಾಗಿಲವರೆಗೆ ಹೋದರು. ಬಾಗಿಲ ಈಚೆ, ಒಳಗಿನವರಿಗೆ ಕಾಣದಂತೆ, ಗೋಡೆಗೆ ಬೆನ್ನು ಕೊಟ್ಟು ಬರಿಯ ನೆಲದ ಮೇಲೆ ಕೂತರು. ಚಂದಪ್ಪ ಓಡಿಹೋಗಿ ಕಂಬಳಿ ತಂದ. ಬೇಡವೆಂದು ಕೈಯಾಡಿಸಿದರು.

ನಾನೂ ಅಲ್ಲಿಯೇ ನಿಂತೆ. ಒಳಗಿನಿಂದ ಹಾಡು ಬರುತ್ತಿತ್ತು. ನೀಲವ್ವನ ದನಿ ಮುಂದೆ, ಉಳಿದವರದು ಹಿಂದೆ. ತವರುಮನೆಯ ದಾರಿ ಬಂತು, ಬೀಸುಕಲ್ಲಿನ ಸುಖದುಃಖ ಬಂತು. ಆಮೇಲೆ ಅದು ಬಂತು. ತಂದೆಯಿಲ್ಲದ ಕೂಸು ಬಾವನ ಹೆಗಲ ಮೇಲೆ ಕೂತು ಹೊಲ ನೋಡಿತು, ಕೂಸು ಅಪ್ಪನನ್ನು ಕೇಳಲೇ ಇಲ್ಲ, ಆ ಹೆಗಲು ನೋಯದಿರಲಿ ಎಂದು ಹಾಡಿದ್ದರು. ಅಷ್ಟು ವರ್ಷ ಬಾಗಿಲ ಮರೆಯಲ್ಲಿ ನಿಂತು ಹೇಳಲಾಗದ್ದನ್ನು ಬೆಳಗಿನ ಜಾವ ಜೋಳ ಬೀಸುತ್ತ ಕಲ್ಲಿಗೆ ಹೇಳಿಕೊಂಡಿದ್ದರು. ಶಿವಲಿಂಗಪ್ಪನವರು ಬಲಗೈಯಿಂದ ತಮ್ಮ ಎಡ ಹೆಗಲನ್ನು ಹಿಡಿದುಕೊಂಡಿದ್ದರು. ಕಣ್ಣು ಒರೆಸಿಕೊಳ್ಳಲಿಲ್ಲ. ನಾನು ಮಾಳಿಗೆಯ ತೊಲೆಗಳನ್ನು ಎಣಿಸತೊಡಗಿದೆ.

ಹಾಡು ಮುಗಿದು ಬೇರೆ ಯಾವುದೋ ಭಾಷಣ ಶುರುವಾಯಿತು. ಒಳಗೆ ಹೆಂಗಸರ ನಗು, ಗದ್ದಲ. ತನ್ನ ದನಿ ಗಂಡಸರ ದನಿಯಂತೆ ಇಷ್ಟು ದಪ್ಪವೇ ಎಂದು ನೀಲವ್ವ ಎಲ್ಲರನ್ನೂ ಕೇಳುತ್ತಿದ್ದರು. ದಪ್ಪವೇ ಇತ್ತು, ಚೆಂದವೂ ಇತ್ತು. ಅಷ್ಟರಲ್ಲಿ ಬಾಗಿಲ ಹತ್ತಿರ ಬಂದ ಒಬ್ಬ ಹೆಂಗಸು ಈಚೆ ಕೂತಿದ್ದ ಹಿರಿಯರ ಕಾಲು ಕಂಡಳು. ಗದ್ದಲ ತಟ್ಟನೆ ನಿಂತಿತು.

ಶಿವಲಿಂಗಪ್ಪನವರು ತಿರುಗಿ ನೋಡಲಿಲ್ಲ. ಗೋಡೆಗೆ ಬೆನ್ನು ಕೊಟ್ಟೇ ಚಂದಪ್ಪನನ್ನು ಕರೆದರು. ಎಂದಿನಂತೆ ಅವನ ಮುಖಾಂತರವೇ ಹೇಳಿದರು.

"ನಿಮ್ಮವ್ವಗ ಹೇಳು. ಪಡಸಾಲ್ಯಾಗಿನ ದನಿ ಇನ್ನ ಮ್ಯಾಲ ಬಂದ್ ಮಾಡೂದು ಬ್ಯಾಡ."

ಚಂದಪ್ಪ ಹೇಳಲೆಂದು ಬಾಗಿಲಿಗೆ ಬಂದು ಬಾಯಿ ತೆರೆದ. ಅವನು ಹೇಳುವುದರೊಳಗೆ ಒಳಗಿನಿಂದ, ಮರೆಯಿಲ್ಲದೆ, ಈಗಷ್ಟೇ ರೇಡಿಯೋದಲ್ಲಿ ಕೇಳಿದ ಅದೇ ದಪ್ಪ ದನಿ ಬಂತು.

"ಆತ್ರಿ ಬಾವನೋರ."

ಚಂದಪ್ಪನಿಗೆ ಹೇಳಲು ಏನೂ ಉಳಿದಿರಲಿಲ್ಲ. ನಾನು ಪಡಸಾಲೆಗೆ ಹೋಗಿ, ಗುಂಡಿಯ ತಂತಿಗಳನ್ನು ಎರಡೂ ಕಡೆ ಒಟ್ಟಿಗೇ ಕೇಳುವಂತೆ ಬದಲಿಸಿ ಕೂಡಿಸಿ, ತಿಕೋಟಾದ ಬಸ್ಸಿಗೆ ಹೊರಟೆ.